ಹೊಸ ಕಮೋಡಿನ ಕೆಳಗೆ ಹಳೆಯ ಟ್ರ್ಯಾಪ್ ಉಳಿಯಬಾರದು

ಮಾನ್ಯ ಸಂಪಾದಕರೇ,

ಚಿಕ್ಕಮಗಳೂರಿನ ಕೋಟೆ, ಬಸವನಹಳ್ಳಿ, ವಿಜಯಪುರದಂತಹ ಹಳೆಯ ಬಡಾವಣೆಗಳಲ್ಲಿ ಕುಕ್ಕರುಗಾಲಿನಲ್ಲಿ ಕೂರುವ ಶೌಚಾಲಯವನ್ನು ಒಡೆಸಿ ಕಮೋಡ್ ಹಾಕಿಸುವ ಕೆಲಸ ಈಗ ಒಂದಲ್ಲ ಒಂದು ಮನೆಯಲ್ಲಿ ನಡೆಯುತ್ತಲೇ ಇರುತ್ತದೆ. ಮೊಣಕಾಲು ನೋವಿನ ಹಿರಿಯರಿರುವ ಮನೆಗಳಿಗೆ ಇದು ಅಗತ್ಯವೇ ಹೊರತು ಶೋಕಿಯಲ್ಲ. ಆದರೆ ಹೊಸದು ಬಂದ ಕೆಲವೇ ತಿಂಗಳಲ್ಲಿ ನೀರು ಸರಾಗವಾಗಿ ಇಳಿಯುತ್ತಿಲ್ಲ, ಆಗಾಗ ಕಟ್ಟಿಕೊಳ್ಳುತ್ತದೆ, ಮನೆಯೊಳಗೆ ವಾಸನೆ ಬರುತ್ತದೆ ಎಂಬ ಮಾತು ಕೇಳಿಬರುತ್ತದೆ. ಆಗ ಕಮೋಡ್ ಮಾಡಿದ ಕಂಪನಿಯನ್ನು ಬೈಯುವುದು ವಾಡಿಕೆ. ಕಟ್ಟಡ ಕಾಮಗಾರಿಗಳ ಮೇಲ್ವಿಚಾರಣೆಯಲ್ಲಿ ಬಹುಕಾಲ ಕಳೆದವನಾಗಿ ನಾನು ಕಂಡಂತೆ, ದೋಷ ಹೆಚ್ಚಾಗಿ ಇರುವುದು ಕಮೋಡಿನಲ್ಲಲ್ಲ, ಅದನ್ನು ನೆಲದಡಿಯ ಹಳೆಯ ಪೈಪಿಗೆ ಸೇರಿಸಿದ ರೀತಿಯಲ್ಲಿ.

ನೆಲಮಟ್ಟದ ಹಳೆಯ ಶೌಚಾಲಯದಲ್ಲಿ ಪಿಂಗಾಣಿಯ ಬೇಸಿನ್ ಬೇರೆ, ಅದರ ಅಡಿಯಲ್ಲಿ ಗಾರೆಯೊಳಗೆ ಹುದುಗಿರುವ ಬಾಗಿದ ಕೊಳವೆ, ಅಂದರೆ ಟ್ರ್ಯಾಪ್, ಬೇರೆ. ಬಾಗಿದ ಆ ಟ್ರ್ಯಾಪಿನಲ್ಲಿ ಸುಮಾರು 50 ಮಿಲಿಮೀಟರ್ ಆಳದಷ್ಟು ನೀರು ಸದಾ ನಿಂತಿದ್ದು, ಗುಂಡಿಯ ಗಾಳಿ ಮನೆಯೊಳಗೆ ನುಗ್ಗದಂತೆ ತಡೆಯುತ್ತದೆ. ಕಮೋಡಿನಲ್ಲಾದರೋ ಈ ಬಾಗು ಅದರ ಮೈಯಲ್ಲೇ ಅಡಕವಾಗಿರುತ್ತದೆ. ಅದಕ್ಕೆ ಕೆಳಗೆ ಇನ್ನೊಂದು ಟ್ರ್ಯಾಪ್ ಬೇಕಿಲ್ಲ, ಇರಲೂಬಾರದು. ಹೀಗಿದ್ದರೂ ಅನೇಕ ಕಡೆ ಕೆಲಸದವರು ಬೇಸಿನ್ನನ್ನು ಮಾತ್ರ ಒಡೆದು ತೆಗೆದು, ಕೆಳಗಿನ ಟ್ರ್ಯಾಪಿನ ಬಾಯಿಗೆ ಒಂದು ತುಂಡು ಪೈಪ್ ನಿಲ್ಲಿಸಿ, ಅದರ ಮೇಲೆ ಕಮೋಡ್ ಕೂರಿಸಿ, ಸುತ್ತ ಸಿಮೆಂಟ್ ಬಳಿದು ಹೋಗುತ್ತಾರೆ. ಹಾಗೆ ಮಾಡಿದಾಗ ಮೇಲೊಂದು, ಕೆಳಗೊಂದು ಎಂದು ಎರಡು ಕಡೆ ನೀರು ನಿಂತು, ನಡುವಿನ ಗಾಳಿಗೆ ಹೊರಹೋಗಲು ದಾರಿಯೇ ಇಲ್ಲದಂತಾಗುತ್ತದೆ. ಫ್ಲಶ್ ಮಾಡಿದ ನೀರು ಆ ಗಾಳಿಯನ್ನು ತಳ್ಳಬೇಕು, ಗಾಳಿ ತಿರುಗಿ ನೀರನ್ನು ತಡೆಯುತ್ತದೆ. ತುಂಬಿದ ಸೀಸೆಯನ್ನು ಬೋರಲು ಹಾಕಿದಾಗ ಆಗುವಂತೆ ಗುಳುಗುಳು ಸದ್ದಿನೊಂದಿಗೆ ತಡೆತಡೆದು ಇಳಿಯುತ್ತದೆ. ಮೊದಲ ಬಾಗಿನಲ್ಲೇ ವೇಗ ಕಳೆದುಕೊಂಡ ಮಲ ಎರಡನೆಯದರಲ್ಲಿ ಕುಳಿತುಬಿಡುತ್ತದೆ. ಎರಡನೆಯದು ಕಣ್ಣಿಗೆ ಕಾಣುವುದಿಲ್ಲ, ಕೈಗೂ ಸಿಗುವುದಿಲ್ಲ.

ಇದರಲ್ಲಿ ಕೆಲಸದವರನ್ನಷ್ಟೇ ದೂರುವುದು ಸರಿಯಲ್ಲ. ಹಳೆಯ ಟ್ರ್ಯಾಪ್ ತೆಗೆಯಬೇಕಾದರೆ ನೆಲ ಅಗೆಯಬೇಕು, ನುಣುಪಾದ ರೆಡ್ ಆಕ್ಸೈಡ್ ನೆಲವಿದ್ದರೆ ಅದು ಹಾಳಾಗುತ್ತದೆ. ಮಹಡಿಯಲ್ಲಾದರೆ ತಗ್ಗಿಸಿದ ಸ್ಲ್ಯಾಬಿನಲ್ಲಿ ತುಂಬಿದ ಇಟ್ಟಿಗೆ ಜಲ್ಲಿಯನ್ನೆಲ್ಲ ತೆಗೆದು, ನೀರು ಸೋರದಂತೆ ಮೊದಲಿನಿಂದ ಗಾರೆ ಮಾಡಿಸಬೇಕು. ಖರ್ಚು ಕೇಳಿದ ಕೂಡಲೇ ‘ಅಷ್ಟೆಲ್ಲ ಬೇಡ, ಮೇಲಿಂದಲೇ ಕೂರಿಸಿ’ ಎನ್ನುವವರು ಮನೆಯ ಯಜಮಾನರೇ. ಗೋಡೆಗೆ ಹಚ್ಚುವ ಟೈಲ್ಸಿನ ಬಣ್ಣ ಆರಿಸಲು ಮೂರು ಅಂಗಡಿ ಸುತ್ತುವವರು ಪೈಪಿನ ವಿಷಯಕ್ಕೆ ಬಂದಾಗ ಮಾತ್ರ ಯಾಕೆ ಕೈ ಬಿಗಿ ಹಿಡಿಯುತ್ತಾರೋ ನನಗೆ ಇಂದಿಗೂ ಅರ್ಥವಾಗಿಲ್ಲ.

ಕಮೋಡ್ ಕೊಳ್ಳುವ ಮೊದಲೇ ತಿಳಿಯಬೇಕಾದ ಇನ್ನೊಂದು ಸಂಗತಿ ಅಳತೆ. ಎಸ್ ಟ್ರ್ಯಾಪ್ ಕಮೋಡಿನ ಹೊರದಾರಿ ನೆಲಕ್ಕೆ ಇಳಿಯುತ್ತದೆ, ಪಿ ಟ್ರ್ಯಾಪಿನದು ಹಿಂದಿನ ಗೋಡೆಗೆ ಹೋಗುತ್ತದೆ. ನೆಲಕ್ಕೆ ಇಳಿಯುವ ಬಗೆಯಲ್ಲಿ ಗೋಡೆಯಿಂದ ಪೈಪಿನ ನಡುಮಧ್ಯಕ್ಕೆ ಇರಬೇಕಾದ ಅಂತರ ಸಾಮಾನ್ಯವಾಗಿ 9 ಇಂಚು ಅಥವಾ 12 ಇಂಚು ಇರುತ್ತದೆ. ಬೇರೆ ಅಳತೆಯವೂ ಉಂಟು. ಈ ಅಂತರವನ್ನು ಅಳೆಯಬೇಕಾದದ್ದು ಟೈಲ್ಸ್ ಹಚ್ಚಿ ಮುಗಿದ ಗೋಡೆಯ ಮೈಯಿಂದ, ಬರಿಯ ಇಟ್ಟಿಗೆಯಿಂದಲ್ಲ. ಟೈಲ್ಸು ಮತ್ತು ಅದರ ಹಿಂದಿನ ಗಾರೆ ಸೇರಿ ಒಂದು ಇಂಚಿಗಿಂತ ಹೆಚ್ಚೇ ನುಂಗಿಬಿಡುವುದರಿಂದ ಹಳೆಯ ಗೋಡೆಯ ಅಳತೆ ಹಿಡಿದು ತಂದ ಕಮೋಡ್ ಕೊನೆಗೆ ಕೂರುವುದಿಲ್ಲ. ಆಗ ಸಿಕ್ಕ ಬೆಂಡುಗಳನ್ನೆಲ್ಲ, ಅಂದರೆ ಬಾಗಿದ ಪೈಪ್ ತುಂಡುಗಳನ್ನೆಲ್ಲ, ಜೋಡಿಸಿ ಹೇಗೋ ಹೊಂದಿಸುತ್ತಾರೆ, ಪ್ರತಿ ಬೆಂಡೂ ಮುಂದೆ ಕಟ್ಟಿಕೊಳ್ಳಲು ಒಂದು ಜಾಗವಾಗುತ್ತದೆ.

ಹಳೆಯ ಮನೆಗಳ ನೆಲದಡಿಯಲ್ಲಿ ಇರುವುದು ಬಹುಮಟ್ಟಿಗೆ ನಾಲ್ಕು ಇಂಚಿನ ಸ್ಟೋನ್‌ವೇರ್ (ಸುಟ್ಟ ಜೇಡಿಮಣ್ಣಿನ) ಕೊಳವೆಗಳು, ಕೆಲವು ಕಡೆ ಎರಕದ ಕಬ್ಬಿಣದವು. ಸ್ಟೋನ್‌ವೇರ್ ಕೊಳವೆಗಳು ಗಿಡ್ಡವಾಗಿರುವುದರಿಂದ ಸಂದುಗಳು ಬಹಳ. ಸೆಣಬಿನ ಹುರಿ ತುರುಕಿ ಸಿಮೆಂಟಿನಿಂದ ಮುಚ್ಚಿದ ಆ ಸಂದುಗಳಲ್ಲಿ ಹಿತ್ತಲಿನ ಮರಗಳ ಬೇರು ನುಗ್ಗಿರುವುದು ಅಪರೂಪವಲ್ಲ. ಹೀಗಾಗಿ ಕೆಲಸ ಆರಂಭಿಸುವ ಮೊದಲು ಹೊರಗೆ ಪೈಪುಗಳು ಸೇರುವ ತೊಟ್ಟಿಯಾದ ಚೇಂಬರಿನ ಮುಚ್ಚಳ ತೆಗೆಸಿ, ಬಣ್ಣ ಬೆರೆಸಿದ ಒಂದು ಬಕೆಟ್ ನೀರನ್ನು ಹಳೆಯ ಬೇಸಿನ್ನಿಗೆ ಸುರಿದು, ಅದು ಯಾವ ಚೇಂಬರಿಗೆ ಬರುತ್ತದೆ, ಎಷ್ಟು ಬೇಗ ಬರುತ್ತದೆ, ಸುರಿದಷ್ಟೂ ಬರುತ್ತದೆಯೇ ಎಂದು ನೋಡಬೇಕು. ಸುರಿದದ್ದರಲ್ಲಿ ಅರ್ಧ ಮಾತ್ರ ಬಂದರೆ ಉಳಿದದ್ದು ನೆಲಕ್ಕೆ ಇಂಗುತ್ತಿದೆ ಎಂದೋ, ದಾರಿಯಲ್ಲಿ ಎಲ್ಲೋ ನಿಂತಿದೆ ಎಂದೋ ಅರ್ಥ. ಅಂಥ ಕೊಳವೆಯನ್ನು ಚೇಂಬರಿನವರೆಗೂ ಬದಲಿಸುವುದೇ ಲೇಸು.

ಬದಲಿಸದೆ ಕೂಡಿಸುವುದಾದರೆ ಸಂದಿನ ಬಗ್ಗೆ ಎಚ್ಚರ ಬೇಕು. ಇಂದಿನ ನಾಲ್ಕು ಇಂಚಿನ ಪಿವಿಸಿ ಪೈಪಿನ ಹೊರ ಅಳತೆ 110 ಮಿಲಿಮೀಟರ್; ಹಳೆಯ ಕೊಳವೆಯ ಒಳ ಅಳತೆ ಸುಮಾರು 100. ಒಂದರೊಳಗೆ ಇನ್ನೊಂದು ಹೋಗುವುದಿಲ್ಲ, ಕೊಳವೆಯ ಅಗಲವಾದ ಬಾಯಿಯಲ್ಲಿ ಇಟ್ಟರೆ ಸಡಿಲ. ಇದಕ್ಕೆಂದೇ ರಬ್ಬರಿನ ಜೋಡಣೆಗಳು ಸಿಗುತ್ತವೆ. ಅವು ಸಿಗದೆ ಸಿಮೆಂಟಿನಲ್ಲೇ ಕೂಡಿಸಬೇಕಾದರೆ, ನುಣುಪಾದ ಪಿವಿಸಿಯನ್ನು ಸಿಮೆಂಟ್ ಹಿಡಿಯುವುದಿಲ್ಲ ಎಂಬುದನ್ನು ನೆನಪಿಡಬೇಕು. ಪೈಪಿನ ತುದಿಯನ್ನು ಒರಟು ಮಾಡಿ, ಪಿವಿಸಿ ಅಂಟಾದ ಸಾಲ್ವೆಂಟ್ ಹಚ್ಚಿ, ಅದರ ಮೇಲೆ ಒಣ ಮರಳು ಉದುರಿಸಿ, ಒಣಗಿದ ಮೇಲೆ ಕೂಡಿಸುವ ಪದ್ಧತಿ ನುರಿತ ಪ್ಲಂಬರ್‌ಗಳಿಗೆ ಗೊತ್ತಿದೆ. ಪೈಪ್ ಕೊಳ್ಳುವಾಗಲೂ ಭಾರತೀಯ ಮಾನಕವಾದ ಐಎಸ್ 13592 ಗುರುತಿನಲ್ಲಿ ಎ ಮತ್ತು ಬಿ ಎಂಬ ಎರಡು ಬಗೆ ಇರುವುದನ್ನು ಗಮನಿಸಬೇಕು: ತೆಳುವಾದ ಎ ಮಳೆನೀರಿಗೆ ಮತ್ತು ಗಾಳಿಕೊಳವೆಗೆ, ಶೌಚಾಲಯಕ್ಕೆ ಬೇಕಾದದ್ದು ಬಿ. ಬೆಲೆ ಕಡಿಮೆಯೆಂದು ಎ ಬಗೆಯನ್ನೇ ತಂದು ನೆಲದಡಿ ಹೂಳುವುದು ನಮ್ಮಲ್ಲಿ ನಡೆದೇ ಇದೆ.

ವಾಟದ, ಅಂದರೆ ಪೈಪಿನ ಇಳಿಜಾರಿನ, ವಿಷಯದಲ್ಲಿ ಹತ್ತು ಅಡಿಗೆ ಮೂರು ಇಂಚು ಒಳ್ಳೆಯ ಲೆಕ್ಕ. ಹಿಂದೆ ಹಿತ್ತಲಿನಲ್ಲಿ ಗುಂಡಿಯ ಪಕ್ಕದಲ್ಲೇ ಇದ್ದ ಶೌಚಾಲಯ ಈಗ ಮಲಗುವ ಕೋಣೆಯ ಪಕ್ಕಕ್ಕೆ ಬಂದಿದೆ, ಗುಂಡಿ ಮಾತ್ರ ಇದ್ದಲ್ಲೇ ಇದೆ. ಪೈಪಿನ ಉದ್ದ ಹೆಚ್ಚಿದೆ, ನೀರಿನ ಪ್ರಮಾಣ ಇಳಿದಿದೆ. ಸರಪಳಿ ಎಳೆಯುವ ಹಳೆಯ ತೊಟ್ಟಿ 10 ಲೀಟರಿನಷ್ಟು ಬಿಡುತ್ತಿತ್ತು, ಅದಿಲ್ಲದ ಮನೆಗಳಲ್ಲಿ ಬಕೆಟ್ಟೇ ಇತ್ತು. ಈಗಿನ ಎರಡು ಬಟನ್ನಿನ ಫ್ಲಶ್ 3 ಮತ್ತು 6 ಲೀಟರಿನದು. ಯಗಚಿ ನದಿಯ ನೀರನ್ನು ಉಳಿಸುವುದು ಒಳ್ಳೆಯದೇ, ಆದರೆ ದೂರದ ಗುಂಡಿಗೆ ಒರಟು ಕೊಳವೆಯಲ್ಲಿ ಸಾಗಬೇಕಾದ ಮಲಕ್ಕೆ ಚಿಕ್ಕ ಬಟನ್ ಒತ್ತಿದರೆ ಸಾಲದು.

ವಾಸನೆಯ ದೂರಿನ ಮೂಲ ಬಹಳ ಸಲ ಮೇಲ್ಛಾವಣಿಯಲ್ಲಿರುತ್ತದೆ. ಹಿಂದಿನವರು ಸೂರಿನಿಂದ ಮೇಲಕ್ಕೆ ಒಯ್ದಿದ್ದ ಗಾಳಿಕೊಳವೆಯನ್ನು, ಮಂಗಳೂರು ಹೆಂಚು ತೆಗೆದು ತಗಡು ಹೊದಿಸುವಾಗ ಅಡ್ಡವೆಂದು ಕತ್ತರಿಸಿ ಮುಚ್ಚಿರುತ್ತಾರೆ. ಗಾಳಿಯ ದಾರಿ ಇಲ್ಲದ ಪೈಪಿನಲ್ಲಿ ರಭಸದಿಂದ ಇಳಿಯುವ ನೀರು ಪಕ್ಕದ ಬಚ್ಚಲಿನ ನೆಲದಲ್ಲಿರುವ ನಹಾನಿ ಟ್ರ್ಯಾಪಿನ ನೀರನ್ನೂ ಹೀರಿಕೊಂಡು ಹೋಗುತ್ತದೆ, ಆ ಬರಿದಾದ ಬಾಗಿನಿಂದ ವಾಸನೆ ಒಳಬರುತ್ತದೆ. ಇದಕ್ಕೆ ಮನೆಯವರು ಮಾಡುವ ಉಪಾಯ ಆ್ಯಸಿಡ್ ಸುರಿಯುವುದು. ಆ್ಯಸಿಡ್ ವಾಸನೆಯನ್ನು ತಡೆಯುವುದಿಲ್ಲ, ಹಳೆಯ ಸಿಮೆಂಟಿನ ಸಂದುಗಳನ್ನು ಮಾತ್ರ ತಿನ್ನುತ್ತದೆ.

ನಮ್ಮ ಮಲೆನಾಡಿನಲ್ಲಿ ಇದಕ್ಕೆ ಮಳೆಯೂ ಸೇರುತ್ತದೆ. ಸೂರಿನ ನೀರನ್ನು ಶೌಚಾಲಯದ ಚೇಂಬರಿಗೇ ಬಿಟ್ಟಿರುವ ಮನೆಗಳು ಇನ್ನೂ ಇವೆ. ಜುಲೈನ ಜಡಿಮಳೆಯಲ್ಲಿ ಇಂಗುಗುಂಡಿ ತಾನೇ ತುಂಬಿರುವಾಗ ಈ ನೀರೂ ಸೇರಿ, ಚೇಂಬರ್ ಉಕ್ಕಿ, ಕೆಳಮಟ್ಟದಲ್ಲಿರುವ ಬಚ್ಚಲಿನ ಮೂಲಕವೋ ಕಮೋಡಿನ ಮೂಲಕವೋ ಮನೆಯೊಳಗೆ ಬರುತ್ತದೆ. ಶೌಚಾಲಯ ಬದಲಿಸುವಾಗಲೇ ಮಳೆನೀರಿನ ಪೈಪನ್ನು ಬೇರ್ಪಡಿಸಿದರೆ ಎರಡನೇ ಬಾರಿ ಅಂಗಳ ಅಗೆಯುವುದು ತಪ್ಪುತ್ತದೆ. ಹಳೆಯ ಗುಂಡಿಯನ್ನು ತೆರೆಸುವ ಸಂದರ್ಭ ಬಂದರೆ ಯಾರನ್ನೂ ಒಳಗೆ ಇಳಿಸಬಾರದು. ವಿಷಾನಿಲದಿಂದ ಪ್ರಾಣ ಹೋಗುತ್ತದೆ, ಮಲ ಹೊರುವ ಪದ್ಧತಿ ನಿಷೇಧದ 2013ರ ಕಾಯ್ದೆ ರಕ್ಷಣಾ ಸಾಧನಗಳಿಲ್ಲದೆ ಹಾಗೆ ಇಳಿಸುವುದನ್ನು ನಿಷೇಧಿಸಿಯೂ ಇದೆ. ಸಕ್ಕಿಂಗ್ ಯಂತ್ರವನ್ನೇ ಕರೆಸಬೇಕು.

ಸಾಮಗ್ರಿ ಮಾರುವ ಅಂಗಡಿಯವರಲ್ಲಿ ನನ್ನ ವಿನಂತಿ ಇಷ್ಟೇ: ಗಿರಾಕಿ ಕಮೋಡ್ ಆರಿಸುವ ಮೊದಲು ‘ಹೊರದಾರಿ ನೆಲಕ್ಕೋ ಗೋಡೆಗೋ, ಗೋಡೆಯಿಂದ ಎಷ್ಟು ಇಂಚು, ಕೆಳಗೆ ಹಳೆಯ ಟ್ರ್ಯಾಪ್ ಇದೆಯೇ’ ಎಂದು ಕೇಳಿರಿ. ಒಳಚರಂಡಿ ಸಂಪರ್ಕ ಕೊಡುವ ಸ್ಥಳೀಯ ಆಡಳಿತವೂ ಸಂಪರ್ಕದ ವೇಳೆ ಚೇಂಬರನ್ನಷ್ಟೇ ನೋಡಿ ಹೋಗದೆ, ಗಾಳಿಕೊಳವೆ ಇದೆಯೇ, ಮಳೆನೀರು ಬೇರೆಯಾಗಿದೆಯೇ ಎಂದು ಪರಿಶೀಲಿಸಿದರೆ ಉಪಕಾರವಾದೀತು. ಮನೆಯವರಾದರೋ ನೆಲ ಮುಚ್ಚುವ ಮೊದಲು ಪೈಪಿನ ಕೆಳತುದಿಗೆ ಬಿರಡೆ ಹಾಕಿಸಿ, ನೀರು ತುಂಬಿಸಿ, ಮಟ್ಟ ಇಳಿಯುತ್ತದೆಯೇ ಎಂದು ಕಾದು ನೋಡಬೇಕು. ಇಳಿಯದಿದ್ದರೆ ತೆರೆದ ಪೈಪಿನ ಒಂದು ಫೋಟೋ ತೆಗೆದು, ಗೋಡೆಯಿಂದ ಅಳತೆ ಬರೆದು, ಮನೆಯ ಕಾಗದಪತ್ರಗಳ ಜೊತೆ ಇಟ್ಟು, ಆಮೇಲೆ ಗಾರೆಯವರನ್ನು ಕರೆಯಲಿ.

– ಒಬ್ಬ ಓದುಗ, ಚಿಕ್ಕಮಗಳೂರು