ಹಳೆಯ ಕಾರಿನ ಸೀಟು: ಹೊದಿಕೆ ಬದಲಿಸಿ, ಒಳಗಿನದನ್ನು ಗುಜರಿಗೆ ಹಾಕಬೇಡಿ

ಸಂಪಾದಕರಿಗೆ,

ಮಾನ್ಯರೇ,

ತಮ್ಮ ಪತ್ರಿಕೆಯ ಕಳೆದ ಭಾನುವಾರದ ಪುರವಣಿಯಲ್ಲಿ ಹಳೆಯ ಕಾರುಗಳನ್ನು ಮತ್ತೆ ಸಜ್ಜುಗೊಳಿಸುವ ಬಗ್ಗೆ ಬಂದ ಲೇಖನವನ್ನು ಆಸಕ್ತಿಯಿಂದ ಓದಿದೆ. ಎಂಜಿನ್, ಬಣ್ಣ, ಕ್ರೋಮ್ ಲೇಪನಗಳ ವಿಚಾರದಲ್ಲಿ ಲೇಖಕರು ಹೇಳಿದ ಮಾತುಗಳಿಗೆ ನನ್ನ ತಕರಾರಿಲ್ಲ. ಆದರೆ ಸೀಟುಗಳಿಗೆ ಅವರು ಮೀಸಲಿಟ್ಟದ್ದು ಒಂದೇ ವಾಕ್ಯ: ಹಳೆಯ ಕುಶನ್‌ಗಳನ್ನು ಕಿತ್ತು ಹಾಕಿ, ಒಳ್ಳೆಯ ಫೋಮ್ ತುಂಬಿಸಿ, ಚರ್ಮದ ಹೊದಿಕೆ ಹೊಲಿಸಿದರೆ ಕಾರಿಗೆ ಹೊಸ ಕಳೆ ಬರುತ್ತದೆ ಎಂಬುದು. ಇದೇ ಸಲಹೆಯನ್ನು ಬೇರೊಬ್ಬರಿಂದ ಕೇಳಿ, ಅದರಂತೆಯೇ ನಡೆದು, ಹಣವನ್ನೂ ಒಂದು ಒಳ್ಳೆಯ ಸೀಟನ್ನೂ ಕಳೆದುಕೊಂಡವನು ನಾನಾದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ.

ನಮ್ಮ ಮನೆಯಲ್ಲಿರುವುದು ತಂದೆಯವರು 1971ರಲ್ಲಿ ಕೊಂಡ ಅಂಬಾಸಿಡರ್ ಮಾರ್ಕ್ 2. ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬರುವುದಕ್ಕೂ ಎರಡು ವರ್ಷ ಮೊದಲಿನದಾದ್ದರಿಂದ ಅದರ ನಂಬರು ಈಗಲೂ 'ಎಂವೈ' ಎಂದೇ ಆರಂಭವಾಗುತ್ತದೆ. ಮುಂದೆ ಎರಡು ಬಿಡಿ ಸೀಟುಗಳಿಲ್ಲ, ಬೆಂಚಿನಂತಹ ಒಂದೇ ಉದ್ದನೆಯ ಸೀಟು. ಗೇರು ಸ್ಟಿಯರಿಂಗ್ ಕಂಬದ ಮೇಲೆ. ನಾಲ್ಕು ದಶಕಗಳ ಬಳಕೆಯಲ್ಲಿ ಆ ಬೆಂಚಿನ ಬಲಭಾಗ, ಅಂದರೆ ಓಡಿಸುವವರು ಕೂರುವ ಜಾಗ, ಹಳ್ಳ ಬಿದ್ದಿತ್ತು. ರೆಕ್ಸಿನ್ ಸೀಳಿತ್ತು. ಅಂಚಿನ ಒಂದು ಸ್ಪ್ರಿಂಗ್ ಮುರಿದು ತೊಡೆಗೆ ಚುಚ್ಚುತ್ತಿತ್ತು. ಈಗ ಯೋಚಿಸಿದರೆ, ದುರಸ್ತಿಗೆ ಬೇಕಾಗಿದ್ದುದು ಅಷ್ಟೇ.

ಬೆಂಗಳೂರಿನ ಒಂದು ಅಂಗಡಿಗೆ ಮುಂದಿನ ಸೀಟನ್ನು ಕೊಟ್ಟುಬಂದೆ. ಹತ್ತು ದಿನಗಳ ನಂತರ ಹೋದಾಗ ನೋಡಲು ಬಹಳ ಚೆನ್ನಾಗಿತ್ತು. ಅಡ್ಡಡ್ಡ ನೆರಿಗೆಗಳು, ಎರಡು ಬಣ್ಣ, ವಜ್ರಾಕಾರದ ಹೊಲಿಗೆ. ಕಾರಿಗೆ ಕೂರಿಸಿ ಮೈಸೂರಿಗೆ ಹೊರಟ ಮೇಲೆ ರಾಮನಗರ ದಾಟುವುದರೊಳಗೆ ಅರ್ಥವಾಯಿತು, ನಾನು ಮೊದಲಿಗಿಂತ ಸುಮಾರು ಎರಡು ಇಂಚು ಮೇಲೆ ಕೂತಿದ್ದೆ. ಸ್ಟಿಯರಿಂಗ್ ಚಕ್ರ ತೊಡೆಗೆ ತಾಗುತ್ತಿತ್ತು, ಕ್ಲಚ್ ತುಳಿಯಲು ಪಾದವನ್ನು ಮೇಲಿನಿಂದ ಇಳಿಸಬೇಕಿತ್ತು, ಉಬ್ಬು ದಾಟುವಾಗ ನೆತ್ತಿ ಮೇಲ್ಛಾವಣಿಯ ಬಟ್ಟೆಗೆ ಬಡಿಯುತ್ತಿತ್ತು. ಫೋನ್ ಮಾಡಿ ವಿಚಾರಿಸಿದಾಗ, ಸ್ಪ್ರಿಂಗುಗಳನ್ನೂ ನಾರನ್ನೂ ತೆಗೆದು ಗುಜರಿಗೆ ಹಾಕಿದ್ದಾಗಿಯೂ, ಫ್ರೇಮಿಗೆ ಪ್ಲೈವುಡ್ ಹಲಗೆ ಬಡಿದು ಅದರ ಮೇಲೆ ಫೋಮಿನ ದಿಂಡು ಕೂರಿಸಿದ್ದಾಗಿಯೂ, ಈಗ ಎಲ್ಲರೂ ಮಾಡಿಸುವುದು ಹೀಗೆಯೇ ಎಂದೂ ಉತ್ತರ ಬಂತು. ಒಂದು ವರ್ಷ ಕಳೆಯುವ ಹೊತ್ತಿಗೆ ಆ ದಿಂಡು ಕುಸಿದು, ಕೂತರೆ ಹಲಗೆಯೇ ಒತ್ತುವಂತಾಯಿತು. ಅದಕ್ಕಿಂತ ಹೆಚ್ಚಿನ ನಷ್ಟ ಇನ್ನೊಂದಿತ್ತು. ಮಳೆಗಾಲದಲ್ಲಿ ಬಾಗಿಲ ರಬ್ಬರಿನ ಸಂದಿಯಿಂದ ಒಳಬಂದ ನೀರನ್ನು ಫೋಮ್ ಸ್ಪಂಜಿನಂತೆ ಹೀರಿ ಹಿಡಿದುಕೊಂಡಿದ್ದರಿಂದ ಸೀಟಿನ ಕೆಳಗಿನ ತಗಡು ತುಕ್ಕು ಹಿಡಿಯತೊಡಗಿತ್ತು.

ಹಿಂದಿನ ಸೀಟನ್ನು ನಾನು ಆ ಅಂಗಡಿಗೆ ಕೊಟ್ಟಿರಲಿಲ್ಲ, ಅದೊಂದು ಪುಣ್ಯ. ನಂತರ ಮೈಸೂರಿನ ಮಂಡಿ ಮೊಹಲ್ಲಾದ ವಯಸ್ಸಾದ ಕುಶನ್ ಮೇಸ್ತ್ರಿಯೊಬ್ಬರು ಅದನ್ನು ನನ್ನ ಎದುರಿಗೇ ಬಿಚ್ಚಿ, ಪದರ ಪದರವಾಗಿ ತೋರಿಸಿದರು. ಕೆಳಗೆ ಉಕ್ಕಿನ ಫ್ರೇಮು, ಅದರಲ್ಲಿ ಒಂದಕ್ಕೊಂದು ತಂತಿಯಿಂದ ಬಿಗಿದ ಸುರುಳಿ ಸ್ಪ್ರಿಂಗುಗಳು. ಅವುಗಳ ಮೇಲೆ ಗೋಣಿತಟ್ಟು. ಗೋಣಿತಟ್ಟಿನ ಮೇಲೆ ತೆಂಗಿನ ನಾರಿನ ಹಾಸು. ಅದರ ಮೇಲೆ ಹತ್ತಿಯ ತೆಳು ಪದರ. ಎಲ್ಲಕ್ಕೂ ಮೇಲೆ ರೆಕ್ಸಿನ್. ಪ್ರತಿ ಪದರಕ್ಕೂ ಒಂದೊಂದು ಕೆಲಸವಿದೆ. ಭಾರ ಹೊರುವುದು ಸ್ಪ್ರಿಂಗು. ಅದರ ತುದಿ ಮೇಲಿನ ಹಾಸನ್ನು ಕೊಯ್ಯದಂತೆ ತಡೆಯುವುದು ಗೋಣಿತಟ್ಟು. ಭಾರವನ್ನು ಅಕ್ಕಪಕ್ಕದ ಸ್ಪ್ರಿಂಗುಗಳಿಗೆ ಹಂಚುವುದು ನಾರು. "ಮೆತ್ತಗಿರೋದು ಸ್ಪ್ರಿಂಗಿಂದ ಸಾರ್, ಫೋಮ್ ಬರೀ ಮೇಲಿನ ಮಾತು" ಎಂದರು ಮೇಸ್ತ್ರಿ.

ನಾರಿನ ಹಾಸಿನ ಬಗ್ಗೆ ಎರಡು ಮಾತು ಹೆಚ್ಚಾಗಿಯೇ ಹೇಳಬೇಕು, ಏಕೆಂದರೆ ಅಂಗಡಿಗಳಲ್ಲಿ ಕಸವೆಂದು ಮೊದಲು ಹೊರಬೀಳುವುದು ಅದೇ. ಅದು ಬರಿಯ ತೆಂಗಿನ ನಾರಲ್ಲ. ನಾರನ್ನು ಹುರಿಮಾಡಿ, ಗುಂಗುರಾಗಿಸಿ, ಬಿಡಿಸಿ, ಅದರ ಮೇಲೆ ರಬ್ಬರ್ ಹಾಲು ಸಿಂಪಡಿಸಿ, ಅಚ್ಚಿನಲ್ಲಿ ಒತ್ತಿ ಕಾಯಿಸಿದ ವಸ್ತು. ಪ್ರತಿಯೊಂದು ಎಳೆಯೂ ಒಂದು ಸಣ್ಣ ಸ್ಪ್ರಿಂಗಿನಂತೆ ವರ್ತಿಸುತ್ತದೆ, ಎಳೆಗಳ ನಡುವೆ ಗಾಳಿ ಆಡುತ್ತದೆ, ನೀರು ಬಿದ್ದರೆ ಇಳಿದು ಹೋಗುತ್ತದೆ. ಫೋಕ್ಸ್‌ವ್ಯಾಗನ್ ಬೀಟಲ್‌ನಂತಹ ಜರ್ಮನ್ ಕಾರಿನ ಸೀಟಿನಲ್ಲೂ ಇಂತಹದೇ ಹಾಸನ್ನು ಬಳಸುತ್ತಿದ್ದರು ಎಂದರೆ, ತಿಪಟೂರು, ಅರಸೀಕೆರೆಯ ಕಡೆಯವರಾದ ನಾವು ಅದನ್ನು ಹಳೆಯ ಕಾಲದ ಅಗ್ಗದ ಸಾಮಾನೆಂದು ಭಾವಿಸಬೇಕಾಗಿಲ್ಲ. ರಬ್ಬರ್ ಲೇಪಿತ ನಾರಿನ ಹಾಳೆಗಳನ್ನು ಈಗಲೂ ಹಾಸಿಗೆಗಳಿಗಾಗಿ ತಯಾರಿಸುತ್ತಾರೆ. ಬೇಕಾದ ದಪ್ಪ ನೋಡಿ ಕೊಂಡು ಸೀಟಿನ ಅಳತೆಗೆ ಕತ್ತರಿಸಿಕೊಳ್ಳಬಹುದು. ತೆಂಗಿನ ನಾರಿನ ತಂತ್ರಜ್ಞಾನಕ್ಕೆಂದೇ ಕೇಂದ್ರ ಸರ್ಕಾರದ ನಾರು ಮಂಡಳಿಯ ಸಂಸ್ಥೆಯೊಂದು ಬೆಂಗಳೂರಿನ ಪೀಣ್ಯದಲ್ಲಿದೆ. ಅದೇ ಊರಿನಲ್ಲಿ ನನ್ನ ಸೀಟಿನ ನಾರು ಗುಜರಿ ಸೇರಿತು.

ಫೋಮನ್ನು ಬಳಸಲೇಬಾರದೆಂದು ನನ್ನ ವಾದವಲ್ಲ. ಹತ್ತಿಯ ಪದರ ಪುಡಿಯಾಗಿದ್ದರೆ ಅದರ ಬದಲಿಗೆ ಒಂದು ಇಂಚಿನ ಫೋಮ್ ಹಾಳೆ ಹಾಕಬಹುದು, ನಾವೂ ಹಾಕಿದ್ದೇವೆ. ಆದರೆ ಕೊಳ್ಳುವಾಗ ಬೆರಳಿನಿಂದ ಒತ್ತಿ ನೋಡಿದರೆ ಸಾಲದು. ಅಂಗಡಿಯವರು 32 ಡೆನ್ಸಿಟಿ, 40 ಡೆನ್ಸಿಟಿ ಎಂದು ಹೇಳುವುದು ಒಂದು ಘನ ಮೀಟರ್ ಫೋಮ್ ಎಷ್ಟು ಕಿಲೋ ತೂಗುತ್ತದೆ ಎಂಬುದನ್ನೇ ಹೊರತು ಅದರ ಗಡಸುತನವನ್ನಲ್ಲ. ಕಡಿಮೆ ಡೆನ್ಸಿಟಿಯ ಫೋಮು ಮೊದಲ ದಿನ ಗಟ್ಟಿಯಾಗಿಯೇ ಇರಬಹುದು, ಆದರೆ ದಿನವೂ ಭಾರ ಬೀಳುವ ಜಾಗದಲ್ಲಿ ಬೇಗ ಚಪ್ಪಟೆಯಾಗುತ್ತದೆ. ಕಾರಿನ ಸೀಟಿಗೆ 40ಕ್ಕಿಂತ ಕಡಿಮೆಯದು ಬೇಡವೆಂಬುದು ನನ್ನ ಅಭಿಪ್ರಾಯ.

ನಮ್ಮ ಮುಂದಿನ ಸೀಟಿಗೆ ಸ್ಪ್ರಿಂಗು ಎಲ್ಲಿಂದ ತರುವುದು? ಅಂಬಾಸಿಡರ್ ತಯಾರಿಕೆ 2014ರಲ್ಲಿ ನಿಂತಿದೆ. ಕೊನೆಗೆ ಮೇಸ್ತ್ರಿಯವರೇ ಗುಜರಿಯೊಂದರಲ್ಲಿ ಹಳೆಯ ಟ್ಯಾಕ್ಸಿಯ ಬೆಂಚ್ ಸೀಟೊಂದನ್ನು ಹುಡುಕಿ ತೆಗೆದರು. ಹೊದಿಕೆ ಚಿಂದಿಯಾಗಿದ್ದರೂ ಸ್ಪ್ರಿಂಗುಗಳು ಒಂದೆರಡನ್ನು ಬಿಟ್ಟರೆ ಸರಿಯಾಗಿದ್ದವು. ತಂತಿ ಬ್ರಷ್ಷಿನಿಂದ ತುಕ್ಕು ಉಜ್ಜಿ, ರೆಡ್ ಆಕ್ಸೈಡ್ ಬಳಿದು, ಒಣಗಿದ ಮೇಲೆ ಹೊಸ ಗೋಣಿತಟ್ಟು ಹಾಸಿದರು. ಇಂತಹ ಸೀಟುಗಳು ಗುಜರಿಯಲ್ಲಿ ಇನ್ನು ಎಷ್ಟು ವರ್ಷ ಸಿಕ್ಕಾವು ಎಂಬ ಚಿಂತೆ ನನಗಿದೆ.

ಹೊದಿಕೆಯ ವಿಷಯದಲ್ಲಿ ಅವರು ಅನುಸರಿಸಿದ ಕ್ರಮವನ್ನು ಓದುಗರ ಉಪಯೋಗಕ್ಕಾಗಿ ಹೇಳುತ್ತೇನೆ. ಟ್ಯಾಕ್ಸಿ ಸೀಟಿನ ಹಳೆಯ ರೆಕ್ಸಿನನ್ನು ಅವರು ಹರಿಯಲಿಲ್ಲ, ಒಂದೊಂದೇ ಹೊಲಿಗೆಯನ್ನು ಬ್ಲೇಡಿನಿಂದ ಬಿಚ್ಚಿದರು. ಬಿಚ್ಚುವ ಮೊದಲೇ ಪ್ರತಿ ತುಂಡಿನ ಮೇಲೂ ಸೀಮೆಸುಣ್ಣದಿಂದ ಅಂಕಿ ಬರೆದು, ಎರಡು ತುಂಡುಗಳು ಕೂಡುವ ಕಡೆ ಅಡ್ಡಗೆರೆ ಎಳೆದುಕೊಂಡಿದ್ದರಿಂದ ಮತ್ತೆ ಜೋಡಿಸುವಾಗ ಅಂದಾಜಿನ ಮಾತೇ ಬರಲಿಲ್ಲ. ಹಳೆಯ ಹೊದಿಕೆ ಬಳಸಿ ಬಳಸಿ ಹಿಗ್ಗಿರುತ್ತದೆ, ಹಾಗಾಗಿ ಓಡಿಸುವವರ ಬದಿಯ ತುಂಡನ್ನು ನಂಬದೆ, ಕಡಿಮೆ ಬಳಕೆಯಾದ ಎಡಬದಿಯದನ್ನು ದಪ್ಪ ಕಾಗದದ ಮೇಲಿಟ್ಟು ಗೆರೆ ಎಳೆದು, ಬಲಬದಿಗೆ ಅದೇ ಕಾಗದವನ್ನು ಮಗುಚಿ ಹಾಕಿದರು. ಇಂಚಿಗೆ ಆರೇಳು ಹೊಲಿಗೆಗಿಂತ ಹೆಚ್ಚು ಹಾಕಲಿಲ್ಲ. ಒತ್ತಾಗಿ ಹೊಲಿದರೆ ಗಟ್ಟಿ ಎಂದು ನಾವು ತಿಳಿದಿರುತ್ತೇವೆ, ಆದರೆ ರೆಕ್ಸಿನ್‌ನಲ್ಲಿ ಸೂಜಿಯ ರಂಧ್ರಗಳು ಹತ್ತಿರವಾದಷ್ಟೂ ಅದು ಅಂಚೆಚೀಟಿಯ ಹಾಳೆಯಂತೆ ಆ ಗೆರೆಯಲ್ಲೇ ಹರಿಯುತ್ತದೆ. ಹೊಲಿದಾದ ಮೇಲೆ ಹೊದಿಕೆಯನ್ನು ಒಂದು ಗಂಟೆ ಬಿಸಿಲಿಗೆ ಹಾಕಿ, ಮೆದುವಾದಾಗ ಎಳೆದು ಕೂರಿಸಿದರು. ತಣ್ಣಗಾದ ಮೇಲೆ ಒಂದು ಸುಕ್ಕೂ ಉಳಿಯಲಿಲ್ಲ.

ಬಣ್ಣ ಗೊತ್ತಾದದ್ದು ಹೇಗೆಂಬುದನ್ನೂ ಹೇಳಬೇಕು. ನಮ್ಮ ಕಾರಿನ ಸೀಟು ಕಂದು ಬಣ್ಣದ್ದೆಂದೇ ಮನೆಯವರೆಲ್ಲ ನಂಬಿದ್ದೆವು. ಹಿಂದಿನ ಸೀಟನ್ನು ಬಿಚ್ಚಿದಾಗ, ಫ್ರೇಮಿನ ಅಡಿಗೆ ಮಡಿಸಿ ತಂತಿಯ ಕೊಂಡಿ ಹಾಕಿದ್ದ ಎರಡು ಬೆರಳಗಲದ ಅಂಚು, ಬಿಸಿಲನ್ನೇ ಕಾಣದ ಆ ಪಟ್ಟಿ, ಒಳ್ಳೆಯ ಇಟ್ಟಿಗೆ ಕೆಂಪು ಬಣ್ಣದಲ್ಲಿತ್ತು. ಅಂಗಡಿಯವರು ಎಸೆದ ಮುಂದಿನ ಸೀಟಿನ ಹೊದಿಕೆಯಲ್ಲೂ ಈ ಪುರಾವೆ ಇದ್ದಿರಲೇಬೇಕು.

ಲೇಖಕರು ಚರ್ಮವನ್ನು ಶಿಫಾರಸು ಮಾಡಿದ್ದಾರೆ. ನಮ್ಮ ಕಾರು ಕಾರ್ಖಾನೆಯಿಂದ ಬಂದದ್ದು ರೆಕ್ಸಿನ್ ಸೀಟಿನೊಂದಿಗೆ. ಅದಕ್ಕೆ ಚರ್ಮ ಹೊದಿಸಿದರೆ ಅದು ಹಳೆಯ ಕಾರಿಗೆ ಹಾಕಿದ ಹೊಸ ವೇಷವೇ ಹೊರತು ದುರಸ್ತಿಯಲ್ಲ. ರೆಕ್ಸಿನ್ ಎಂಬುದು ಇಂಗ್ಲೆಂಡಿನ ಮ್ಯಾಂಚೆಸ್ಟರ್ ಬಳಿಯ ಹೈಡ್ ಎಂಬ ಊರಿನಲ್ಲಿ ತಯಾರಾಗುತ್ತಿದ್ದ ಕೃತಕ ಚರ್ಮದ ವ್ಯಾಪಾರನಾಮ. ನಮ್ಮಲ್ಲಿ ಅಂತಹ ಎಲ್ಲ ಬಟ್ಟೆಗೂ ಅದೇ ಹೆಸರು ನಿಂತಿದೆ. ಬೇಸಗೆಯಲ್ಲಿ ಅದು ಬೆನ್ನಿಗೆ ಅಂಟುತ್ತದೆ ಎಂಬ ದೂರು ನಿಜ. ಸರ್ಕಾರಿ ಅಂಬಾಸಿಡರ್‌ಗಳ ಹಿಂದಿನ ಸೀಟಿಗೆ ಬಿಳಿಯ ಟರ್ಕಿ ಟವೆಲು ಹೊದಿಸುತ್ತಿದ್ದುದನ್ನು ಈಗಿನವರು ಅಧಿಕಾರದ ಗತ್ತೆಂದು ನಗುತ್ತಾರೆ, ಆದರೆ ಬೆವರು ಹೀರುವುದಕ್ಕೂ ರೆಕ್ಸಿನನ್ನು ಕಾಪಾಡುವುದಕ್ಕೂ ಅದಕ್ಕಿಂತ ಸರಳವಾದ ಉಪಾಯ ನನಗೆ ತೋರುವುದಿಲ್ಲ. ನಮ್ಮ ಕಾರಿಗೂ ಎರಡು ಟವೆಲು ಕೊಂಡಿದ್ದೇನೆ.

ಕಾನೂನು ಈ ವಿಷಯದಲ್ಲಿ ನೆರವಿಗೆ ಬರುವುದಿಲ್ಲ. ಕೇಂದ್ರ ಸರ್ಕಾರ 2021ರಲ್ಲಿ ತಂದ ನಿಯಮದ ಪ್ರಕಾರ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲ ರೂಪದಲ್ಲೇ ಉಳಿಸಿಕೊಂಡ ವಾಹನವನ್ನು ವಿಂಟೇಜ್ ಎಂದು ನೋಂದಾಯಿಸಬಹುದು; ಆದರೆ ಮೂಲ ರೂಪವನ್ನು ಕೆಡಿಸುವ ಮಾರ್ಪಾಡುಗಳೆಂದು ಅದು ಹೆಸರಿಸುವುದು ಚಾಸಿ, ಬಾಡಿ ಮತ್ತು ಎಂಜಿನ್‌ಗಳಿಗೆ ಸಂಬಂಧಿಸಿದವನ್ನು. ಸೀಟಿನ ಪ್ರಸ್ತಾಪ ಅಲ್ಲಿಲ್ಲ. ಹೀಗಿರುವಾಗ ಪ್ರದರ್ಶನಗಳಲ್ಲಿ ಕಾರುಗಳನ್ನು ಪರಿಶೀಲಿಸುವವರು ಬಾನೆಟ್ ಎತ್ತಿ ನೋಡುವಂತೆಯೇ ಸೀಟಿನ ಅಡಿಯಲ್ಲಿ ಕೈಯಾಡಿಸಿ ಸ್ಪ್ರಿಂಗು ಇದೆಯೇ, ಹಲಗೆ ಇದೆಯೇ ಎಂದು ನೋಡುವ ರೂಢಿ ಬೆಳೆಸಿಕೊಂಡರೆ ಅಂಗಡಿಯವರೂ ಮಾಲೀಕರೂ ಸ್ವಲ್ಪ ಹಿಂದೆಮುಂದೆ ಯೋಚಿಸಿಯಾರು.

ಅಂಬಾಸಿಡರ್ ಮಾರ್ಕ್ 2ರ ಮುಂದಿನ ಬೆಂಚ್ ಸೀಟಿನ ಹೊದಿಕೆಗೆ ಮೇಸ್ತ್ರಿಯವರು ಕತ್ತರಿಸಿದ ಕಾಗದದ ನಮೂನೆಗಳು, ಅಂಕಿ ಬರೆದ ಸ್ಥಿತಿಯಲ್ಲೇ, ನನ್ನ ಬಳಿ ಇವೆ. ಅದೇ ಮಾದರಿಯ ಕಾರಿರುವ ಓದುಗರು ತಮ್ಮ ಪತ್ರಿಕೆಯ ಕಚೇರಿಯ ಮೂಲಕ ಕೇಳಿದರೆ ನಕಲು ತೆಗೆದು ಕಳುಹಿಸಿಕೊಡುತ್ತೇನೆ. ಟ್ಯಾಕ್ಸಿಯ ಸೀಟಿನಿಂದ ತೆಗೆದು ಉಳಿಸಿಕೊಂಡ ನಾಲ್ಕು ಬಿಡಿ ಸ್ಪ್ರಿಂಗುಗಳೂ ಇವೆ; ಅವು ಮೊದಲು ಕೇಳಿದವರಿಗೆ.

ಇಂತಿ ತಮ್ಮ ವಿಶ್ವಾಸಿ,
ಓರ್ವ ನಿವೃತ್ತ ಅಧ್ಯಾಪಕ,
ಮೈಸೂರು