ಏರ್ ರೈಫಲ್‌ನ ಪೆಲೆಟ್ (ಸೀಸದ ಸಣ್ಣ ಗುಂಡು) ಆರಿಸೋ ಬಗ್ಗೆ, ಹುಬ್ಬಳ್ಳಿ-ಧಾರವಾಡ ರೈಫಲ್ ಗುಂಪಿನವರಿಗೆ

ನಮಸ್ಕಾರ್ರೀ ಎಲ್ಲರಿಗೂ. ಬಂದೂಕಿನಾಗ ಹಾರಿಸಿದ ತೋಟಾದ ಖಾಲಿ ಕೇಸಿಗೆ (ಕೊಳವಿಗೆ) ಮನಿಯಾಗ ಮದ್ದು ತುಂಬಬಹುದಾ ಅಂತ ಕೆಲವರು ಕೇಳ್ಯಾರ. ಬ್ಯಾಡ್ರಿ. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಂ ಪ್ರಕಾರ ತೋಟಾ ತಯಾರಿಸಲಿಕ್ಕೆ ಬೇರೆ ಲೈಸೆನ್ಸ್ ಬೇಕು, ಬಂದೂಕಿನ ಲೈಸೆನ್ಸ್ ಸಾಲೂದಿಲ್ಲ.

ಇನ್ನ ಗಾಳಿ ಒತ್ತಡದಿಂದ ಹೊಡಿಯೋ ಏರ್ ರೈಫಲ್‌ನವರು ಪೆಲೆಟ್ ಕಡೆ ಲಕ್ಷ್ಯ ಕೊಡ್ರಿ. 10 ಮೀಟರ್ ಟಾರ್ಗೆಟ್‌ನಾಗ ಹತ್ತು ಅಂಕದ ಚುಕ್ಕಿ ಬರೇ 0.5 ಮಿ.ಮೀ. ಅಗಲ. ಚಪ್ಪಟೆ ತಲೆಯ ಪೆಲೆಟ್‌ಗಳನ್ನ 4.49, 4.50, 4.51 ಮಿ.ಮೀ. ಅಳತಿಯೊಳಗ ಒಂದೊಂದು ಡಬ್ಬಿ ತರಸ್ರಿ. ರೈಫಲ್ ಕ್ಲಾಂಪಿಗೆ ಬಿಗಿದು ಪ್ರತಿ ಅಳತಿದೂ 10 ಹೊಡೀರಿ. ಯಾವುದರ ತೂತು ಒತ್ತೊತ್ತಾಗಿ ಬೀಳ್ತಾವೋ ಅದೇ ನಿಮ್ಮ ಬ್ಯಾರಲ್‌ಗೆ ಸರಿ. ಗೆಳೆಯರ ಬ್ಯಾರಲ್‌ಗೆ ಹೊಂದಿದ್ದು ನಿಮ್ಮದಕ್ಕ ಹೊಂದಲಿಕ್ಕಿಲ್ಲ. ಹಿಂದಿನ ಅಂಚು ನೆಗ್ಗಿದ ಪೆಲೆಟ್‌ನ ತೆಗೆದು ಒಗೀರಿ, ಗಾಳಿ ಸೋರಿ ಗುರಿ ತಪ್ಪತದ. ಸೀಸ ಮುಟ್ಟಿದ ಕೈ ಸಾಬೂನು ಹಚ್ಚಿ ತೊಳೀದೇ ಗಿರ್ಮಿಟ್ ತಿನ್ನಲಿಕ್ಕೆ ಕೈ ಹಾಕಬ್ಯಾಡ್ರಿ.