ಭಾನುವಾರದ ಓದು: ಜಪಾನಿನ ವ್ಯಾಪಾರ ಒಪ್ಪಂದಗಳು

ಆತ್ಮೀಯ ಸದಸ್ಯರೆಲ್ಲರಿಗೂ ನಮಸ್ಕಾರ.

ಬರುವ ಭಾನುವಾರ ಸಂಜೆ 5 ಗಂಟೆಗೆ ನಡೆಯುವ ನಮ್ಮ ಇತಿಹಾಸ ಓದಿನ ಆನ್‌ಲೈನ್ ಸಭೆಯಲ್ಲಿ, 1894ರ ಜುಲೈ 16ರಂದು ಲಂಡನ್ನಿನಲ್ಲಿ ಬ್ರಿಟನ್ ಮತ್ತು ಜಪಾನ್ ಸಹಿ ಮಾಡಿದ ವಾಣಿಜ್ಯ ಮತ್ತು ನೌಕಾಯಾನ ಒಪ್ಪಂದವನ್ನು ಓದಲಿದ್ದೇವೆ.

ಹಿನ್ನೆಲೆಯಾಗಿ 1858ರ ಒಪ್ಪಂದಗಳನ್ನು ಮೊದಲೇ ನೋಡಿಕೊಂಡು ಬರಬೇಕೆಂದು ಕೋರುತ್ತೇನೆ. ಅಮೆರಿಕ, ಬ್ರಿಟನ್ ಮೊದಲಾದ ದೇಶಗಳು ಆಗ ಜಪಾನಿನ ಬಂದರುಗಳನ್ನು ತೆರೆಸಿದ್ದಲ್ಲದೆ, ತಮ್ಮ ಪ್ರಜೆಗಳು ಅಲ್ಲಿ ತಪ್ಪು ಮಾಡಿದರೂ ತಮ್ಮ ಕಾನ್ಸಲರೇ (ಅಲ್ಲಿ ನೇಮಕಗೊಂಡ ತಮ್ಮ ದೇಶದ ಪ್ರತಿನಿಧಿ ಅಧಿಕಾರಿಗಳೇ) ವಿಚಾರಣೆ ನಡೆಸುವ ಹಕ್ಕನ್ನು ಪಡೆದುಕೊಂಡವು. 1866ರಲ್ಲಿ ಆಮದು ಸುಂಕವನ್ನು ಸರಿಸುಮಾರು ಶೇ. 5ಕ್ಕೆ ಇಳಿಸಿ ಕಟ್ಟಿಹಾಕಿದವು. 1894ರ ಒಪ್ಪಂದವು ಆ ಕಾನ್ಸಲರ್ ನ್ಯಾಯಾಧಿಕಾರವನ್ನು ಕೊನೆಗಾಣಿಸಿತಾದರೂ ಅದು ಜಾರಿಗೆ ಬಂದದ್ದು 1899ರಲ್ಲಿ, ಸುಂಕವನ್ನು ತಾನೇ ನಿಗದಿಪಡಿಸುವ ಪೂರ್ಣ ಸ್ವಾತಂತ್ರ್ಯ ಜಪಾನಿಗೆ ದೊರೆತದ್ದು 1911ರಲ್ಲಿ.

ನನ್ನ ಮಟ್ಟಿಗೆ ಹೆಚ್ಚು ಚರ್ಚೆಗೆ ಯೋಗ್ಯವಾದದ್ದು ಹಡಗುಗಳಿಗೆ ಸಂಬಂಧಿಸಿದ ಭಾಗ. ಎರಡೂ ದೇಶಗಳ ಹಡಗುಗಳಿಗೆ ಬಂದರು ಶುಲ್ಕದಲ್ಲಿ ಸಮಾನತೆ ನೀಡಿದರೂ ಕರಾವಳಿ ವ್ಯಾಪಾರವನ್ನು (ಒಂದೇ ದೇಶದ ಬಂದರುಗಳ ನಡುವಿನ ಸಾಗಾಟವನ್ನು) ಸಾಮಾನ್ಯ ನಿಯಮದಿಂದ ಹೊರಗಿಡಲಾಗಿತ್ತು. ಬ್ರಿಟಿಷ್ ಆಳ್ವಿಕೆಯಲ್ಲಿದ್ದ ಭಾರತಕ್ಕೂ ಈ ಒಪ್ಪಂದ ತಾನಾಗಿಯೇ ಅನ್ವಯಿಸುತ್ತಿರಲಿಲ್ಲ ಎಂಬುದನ್ನು ಗಮನಿಸಿ.

ಬರುವವರು ಶುಕ್ರವಾರ ರಾತ್ರಿಯೊಳಗೆ ಇಲ್ಲಿಯೇ ಉತ್ತರಿಸಬೇಕು. ಹಡಗಿನ ಕಲಮುಗಳನ್ನು ಕನ್ನಡದಲ್ಲಿ ವಿವರಿಸಲು ಇಬ್ಬರು ಬೇಕಾಗಿದ್ದಾರೆ. ಸಿದ್ಧರಿರುವವರು ದಯವಿಟ್ಟು ನನಗೆ ಪ್ರತ್ಯೇಕವಾಗಿ ಸಂದೇಶ ಕಳುಹಿಸಿ. ಸಭೆಯ ಕೊಂಡಿಯನ್ನು ಶನಿವಾರ ಹಾಕುತ್ತೇನೆ.